ನಾಲ್ಕು ಹೆಜ್ಜೆ ಹಿಂದೆ

ಶನಿವಾರ ಬೆಳಗ್ಗೆ, ತಿಂಡಿಗೂ ಊಟಕ್ಕೂ ನಡುವೆ, ನಾನು ಹನ್ನೊಂದು ಸಲ ಸತ್ತೆ.

ಗಾಬರಿ ಬೀಳಬೇಡಿ. ಸತ್ತದ್ದು ಮೊಮ್ಮಗಳ ಕಂಪ್ಯೂಟರಿನ ಒಳಗೆ. ಹೊರಗಿನ ನಾನು ಅವಳ ಕುರ್ಚಿಯ ಪಕ್ಕದ ಮಂಚದ ಮೇಲೆ ಕಾಲು ಚಾಚಿಕೊಂಡು ಬಟಾಣಿ ಸುಲಿಯುತ್ತಿದ್ದೆ. ನಾನು ಸಾಯುವಾಗಲೆಲ್ಲ ಆ ಯಂತ್ರ ‘ಹಾ’ ಎಂದು ಸಣ್ಣಗೆ ಕೂಗುತ್ತಿತ್ತು, ಬಿಸಿ ತವೆ ಮುಟ್ಟಿದವರ ಹಾಗೆ. ಮೊದಲೆರಡು ಸಲ ನಕ್ಕೆ. ಐದನೆಯ ಸಲ ಸಿಟ್ಟು ಬಂತು. ಆರನೆಯ ಸಲ ಮಾತ್ರ ಕೈಯಲ್ಲಿದ್ದ ಬಟಾಣಿಕಾಯಿ ಕೈಯಲ್ಲೇ ಉಳಿಯಿತು. ಈ ದನಿಯನ್ನು ನಾನು ಎಲ್ಲೋ ಕೇಳಿದ್ದೆ.

“ಯಾಕ ಹಿಂಗ ಕೊಲ್ಲಾಕತ್ತಿ ನನ್ನ? ಕಾಲೇಜಿನಾಗ ಇದನ್ನ ಕಲಿಸ್ತಾರೇನು?” ಅಂದೆ.

“ನಾ ಎಲ್ಲಿ ಕೊಲ್ಲಾಕತ್ತೀನಿ ಅಜ್ಜಿ? ಈ ಗಾರ್ಡ್‌ಗಳು ನನ್ನ ಮಾತು ಸುನತೇ ಹೀ ನಹೀ!” ಅಂದಳು ಚಾರು. ಅವಳ ಕನ್ನಡ ಹೀಗೇ. ಅರ್ಧ ದಾರಿ ಬಂದು ಹಿಂದಿಯ ಟೋಟೋ ರಿಕ್ಷಾ ಹತ್ತಿಬಿಡುತ್ತದೆ. ಹುಟ್ಟಿದ್ದೂ ಬೆಳೆದದ್ದೂ ಕಾಶಿಯ ಈ ಬಂಗಾಲಿ ಟೋಲಾದ ಓಣಿಯಲ್ಲೇ. ನಾನೊಬ್ಬಳು ಮನೆಯಲ್ಲಿ ಗೊಣಗುತ್ತಿರುವುದರಿಂದ ಇಷ್ಟಾದರೂ ಉಳಿದಿದೆ.

ವಿಷಯ ಇಷ್ಟು. ಅದೊಂದು ಯುದ್ಧದ ಆಟ. ರಾಜರು, ಸೈನಿಕರು, ಕೋಟೆ ಎಲ್ಲ ಇರುತ್ತವೆ. ಆ ಆಟದ ಜೊತೆಗೇ ಒಂದು ಕಮ್ಮಟವೂ ಬರುತ್ತದಂತೆ. ನಮಗೆ ಬೇಕಾದ ಊರನ್ನು ನಾವೇ ಕಟ್ಟಿಕೊಂಡು, ಅಲ್ಲಿ ಯಾರು ಯಾರನ್ನು ಹೊಡೆಯಬೇಕು, ಯಾರನ್ನು ಹೊಡೆಯಬಾರದು ಎಂದು ನಾವೇ ನಿಯಮ ಬರೆಯಬಹುದು. ಮ್ಯಾಪ್ ಎಡಿಟರ್ ಅನ್ನುತ್ತಾರೆ. ಬೇರೆ ಹುಡುಗ ಹುಡುಗಿಯರು ಅದರಲ್ಲಿ ದೊಡ್ಡ ದೊಡ್ಡ ರಣರಂಗ ಮಾಡುತ್ತಾರಂತೆ. ನಮ್ಮವಳು ನಮ್ಮ ಓಣಿಯನ್ನು ಮಾಡಿದ್ದಾಳೆ. ಕೋಟೆಯ ಗೋಡೆಗಳನ್ನು ಸಾಲಾಗಿ ನಿಲ್ಲಿಸಿ ಮನೆಗಳು, ಅವುಗಳ ನಡುವೆ ಒಬ್ಬರು ಹೋಗುವಷ್ಟು ಸಂದು, ಕೊನೆಯಲ್ಲಿ ಮೆಟ್ಟಿಲು, ನೀರು. ಒಬ್ಬ ರೈತ ಹೆಂಗಸನ್ನು ತಂದು ಬೆನ್ನು ಬಗ್ಗಿಸಿ ತಲೆಯ ಮೇಲೆ ‘ಅಜ್ಜಿ’ ಎಂದು ಬರೆದಿದ್ದಾಳೆ. ಅಜ್ಜಿ ಮನೆಯಿಂದ ಘಾಟಿಗೆ ತಲುಪಿದರೆ ಆಡಿದವರು ಗೆದ್ದರು, ಅಜ್ಜಿ ಸತ್ತರೆ ಸೋತರು. ದಾರಿಯಲ್ಲಿ ಮಂಗಗಳು, ಕಳ್ಳರು. ಜೊತೆಗೆ ಲಾಠಿ ಹಿಡಿದ ಇಬ್ಬರು ಕಾವಲುಗಾರರು.

ಆ ಇಬ್ಬರು ಮಹಾರಾಯರಿಂದಲೇ ನಾನು ಸಾಯುತ್ತಿದ್ದದ್ದು. ಒಂದು ಮಂಗ ಕಂಡರೆ ಸಾಕು, ಇಬ್ಬರೂ ಅಜ್ಜಿಯನ್ನು ನಡುದಾರಿಯಲ್ಲಿ ಬಿಟ್ಟು ಅದರ ಹಿಂದೆ ಓಡುತ್ತಿದ್ದರು. ಅಷ್ಟರಲ್ಲಿ ಇನ್ನೊಂದು ಸಂದಿನಿಂದ ಕಳ್ಳ ಬಂದು ‘ಹಾ’.

ಇದನ್ನೆಲ್ಲ ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಮೂಗಿನ ಮೇಲೆ ಕನ್ನಡಕ, ಬಲಗೈಯ ಒಂದೇ ಬೆರಳು. ಕಲಿತು ಎರಡು ತಿಂಗಳಾಗಿಲ್ಲ. ಒಂದು ಸಾಲು ಮುಗಿಯುವಷ್ಟರಲ್ಲಿ ಬೇಳೆ ಬೇಯುತ್ತದೆ. ಆದರೂ ಈ ಫೋನಿನ ಒಂದು ಗುಣ ನನಗೆ ಇಷ್ಟ: ನಾನು ‘ಹೊ’ ಅಂತ ಒತ್ತುವಷ್ಟರಲ್ಲಿ ಅದು ‘ಹೊರಗೆ’ ಅಂತ ತಾನೇ ಹೇಳಿಕೊಡುತ್ತದೆ. ಈ ಮನೆಯಲ್ಲಿ ನನ್ನ ಮನಸ್ಸನ್ನು ಸದ್ಯಕ್ಕೆ ಬಲ್ಲದ್ದು ಅದೊಂದೇ.

ಯಾಕೆಂದರೆ ನಾನು ಹೊರಗೆ ಹೋಗುವ ಹಾಗಿರಲಿಲ್ಲ. ದೀಪಾವಳಿ ಕಳೆದ ಮೇಲೆ ಕೇದಾರ ಘಾಟಿನ ಮೆಟ್ಟಿಲಲ್ಲಿ ಒಂದು ದಿನ ಜಾರಿ ಕೂತೆ. ಬಿದ್ದೆ ಅನ್ನುವುದಿಲ್ಲ, ಕೂತೆ. ಕೂತದ್ದು ಸ್ವಲ್ಪ ಜೋರಾಯಿತು, ಅಷ್ಟೆ. ಯಾರೋ ಎಬ್ಬಿಸಿ ಮನೆಗೆ ತಂದು ಬಿಟ್ಟರು. ಮಗ ಶಿವು ಅವತ್ತೇ ಅಪ್ಪಣೆ ಹೊರಡಿಸಿದ: ಅವ್ವ ಒಬ್ಬಳೇ ಘಾಟಿಗೆ ಹೋಗಕೂಡದು. ಅಪ್ಪಣೆ ಮನೆಯೊಳಗೆ ಉಳಿದಿದ್ದರೆ ನಾನು ಲೆಕ್ಕಕ್ಕೆ ಇಡುತ್ತಿರಲಿಲ್ಲ. ಅವನು ಓಣಿಗೆಲ್ಲ ಸಾರಿಬಿಟ್ಟ. ನಾನು ಹೊಸ್ತಿಲು ದಾಟಿದರೆ ಪಾನ್ ಅಂಗಡಿಯವನು “ಮಾತಾಜಿ, ಕಹಾಂ?” ಅನ್ನುತ್ತಿದ್ದ. ಹಾಲಿನವನು ಕ್ಯಾನು ಕೆಳಗಿಟ್ಟು ಅಡ್ಡ ನಿಲ್ಲುತ್ತಿದ್ದ. ಎದುರು ಮನೆಯ ಬಂಗಾಲಿ ಮಾಶಿಯಂತೂ, ನಲವತ್ತು ವರ್ಷ ನನ್ನ ಕೈಯ ಹೋಳಿಗೆ ತಿಂದವಳು, ಕಿಟಕಿಯಿಂದ “ಶಿವೂ, ನಿನ್ನ ಮಾ ಹೊರಟಳು!” ಅಂತ ಕೂಗುತ್ತಿದ್ದಳು. ಇಡೀ ಓಣಿಗೆ ನಾನೇ ಗುರಿ.

ಆಮೇಲೆ ಈ ಫೋನು ಬಂತು. “ಅವ್ವಾ, ಕನ್ನಡದಾಗ ಬರೀಬಹುದು ಇದರಾಗ, ನಿನಗ ಹೊತ್ತು ಹೋಗತೈತಿ” ಅಂದ ಶಿವು. ನಾನು ಹಿಗ್ಗಿದೆ. ಒಂದು ವಾರ ಆದ ಮೇಲೆ ಗೊತ್ತಾಯಿತು, ನಾನು ಎಲ್ಲಿದ್ದೇನೆ ಅನ್ನುವುದು ಅವನ ಫೋನಿನಲ್ಲಿ ಒಂದು ನೀಲಿ ಚುಕ್ಕೆಯಾಗಿ ಕಾಣುತ್ತದಂತೆ. ಹಸುವಿನ ಕೊರಳಿಗೆ ಗಂಟೆ ಕಟ್ಟುವವರು ಹಸುವಿಗೆ ‘ಸಂಗೀತ ಕೇಳು’ ಅಂತ ಸುಳ್ಳು ಹೇಳುವುದಿಲ್ಲವಲ್ಲ!

ಸರಿ, ಮುದುಕಿ ಸುಮ್ಮನಿದ್ದಾಳೆಯೇ? ನಮ್ಮ ಓಣಿಯ ಲಾಡ್ಜಿನ ಚಾದರಗಳ ಗಂಟು ವಾರಕ್ಕೊಮ್ಮೆ ಟೋಟೋ ಹತ್ತಿ ಕಂಟೋನ್ಮೆಂಟ್ ಕಡೆಯ ಲಾಂಡ್ರಿಗೆ ಹೋಗುತ್ತದೆ. ಒಂದು ದಿನ ಆ ಗಂಟಿನ ನಡುವೆ ಫೋನು ತುರುಕಿದೆ. ಚುಕ್ಕೆ ಸವಾರಿ ಹೊರಟಿತು. ಓಣಿಯ ಕಣ್ಣುಗಳೆಲ್ಲ ಚಹಾ ಕುಡಿಯುವ ಹೊತ್ತು ನೋಡಿ ನಾನು ಇನ್ನೊಂದು ದಿಕ್ಕಿಗೆ ಹೊರಟೆ. ಕೇದಾರ ಘಾಟಿನಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂತು, ಅರ್ಧ ಗಂಟೆ ಮಹಾರಾಣಿ.

ಶಿವುನ ಕಚೇರಿ ಇರುವುದು ಕಂಟೋನ್ಮೆಂಟಿನಲ್ಲೇ. ನೋಡುತ್ತಾನೆ, ಅವ್ವ ರೈಲ್ವೆ ಸ್ಟೇಷನ್ ಕಡೆ ಬರುತ್ತಿದ್ದಾಳೆ! ಊರಿಗೆ ಓಡಿಹೋಗುತ್ತಿದ್ದಾಳೆ ಅಂತ ತಿಳಿದು, ಕೆಲಸ ಬಿಟ್ಟು ಓಡಿದವನು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಗಾಡಿಯ ಡಬ್ಬಿ ಡಬ್ಬಿ ಹತ್ತಿ ಇಳಿದನಂತೆ. ಕೊನೆಗೆ ಚಾರು ಫೋನು ಮಾಡಿದಾಗ ಲಾಂಡ್ರಿಯವನು ಎತ್ತಿಕೊಂಡು, ಇದು ಚಾದರದ ಒಳಗಿನಿಂದ ಕೂಗುತ್ತಿದೆ ಅಂದನಂತೆ.

ಬೈಯುತ್ತಾನೆ ಅಂತ ನಾನು ಉತ್ತರ ಹೊಂದಿಸಿಕೊಂಡಿದ್ದೆ. ಬೈಯಲಿಲ್ಲ. ಬಂದು ಬೂಟು ಬಿಚ್ಚಿದ. ಬಿಚ್ಚಿದ ಬೂಟು ಕೈಯಲ್ಲೇ ಹಿಡಿದು ಕೂತ.

“ಒಂದೊಂದು ಸೀಟು ನೋಡ್ಕೋತ ಹೋದೆ ಅವ್ವಾ. ಇಳಕಲ್ ಸೀರಿ ಉಟ್ಟ ಒಬ್ಬ ಮುದುಕಿ ಮಲಗಿದ್ಲು, ಮಾರಿ ಮುಚ್ಕೊಂಡು. ಸೆರಗು ತಗದು ನೋಡಿದೆ. ಆಕಿ ಹೌಹಾರಿ ಎದ್ಲು.”

ನಾನು ಹೊಂದಿಸಿಕೊಂಡಿದ್ದ ಉತ್ತರ ನುಂಗಿದೆ. ಅವನು ಎದ್ದು ಬಾಗಿಲ ಕಡೆ ನೋಡಿ, ಯಾರಿಗೋ ಹೇಳುವ ಹಾಗೆ ಅಂದ: “ಮ್ಯಾಲೆ ಒಂದು ಚಿಲಕ ಹಾಕಿದ್ರ ಆತಲ್ಲ.”

ಮರುದಿನ ಹಾಕಿಯೇ ಹಾಕಿದ. ಬಾಗಿಲಿನ ಒಳಬದಿಗೇ, ಆದರೆ ನನ್ನ ಕೈ ಎಟುಕದಷ್ಟು ಎತ್ತರದಲ್ಲಿ. ಕಾಲ್ಮಣೆಯನ್ನು ಸೊಸೆ ಎಲ್ಲಿಟ್ಟಳೋ ಇಂದಿಗೂ ಗೊತ್ತಿಲ್ಲ. ಅಂದಿನಿಂದ ಬಾಗಿಲಿನಿಂದ ಅಡಿಗೆಮನೆಗೆ ಹದಿನಾಲ್ಕು ಹೆಜ್ಜೆ, ಅಡಿಗೆಮನೆಯಿಂದ ಬಾಗಿಲಿಗೆ ಹದಿನಾಲ್ಕು ಹೆಜ್ಜೆ. ಕೂತರೆ ಕಾಲು ಜುಮ್ಮೆನ್ನುತ್ತದೆ, ನಿಂತರೆ ಕಿಟಕಿ ಕರೆಯುತ್ತದೆ, ಮಲಗಿದರೆ ಛಾವಣಿಯ ಬಿರುಕುಗಳೆಲ್ಲ ಓಣಿಗಳ ಹಾಗೆ ಕಾಣುತ್ತವೆ. ಆದರೆ ನಿಜ ಹೇಳಲೇ? ಚಿಲಕ ನನ್ನನ್ನು ಅಷ್ಟು ಕಾಡಲಿಲ್ಲ. ಅವನ ಆ ಮಾತು ಕಾಡಿತು. ಆ ಮಾತು ಅವನದಲ್ಲ. ಅದನ್ನು ನಮ್ಮ ಮನೆಯಲ್ಲಿ ಮೊದಲು ಆಡಿದವಳು ನಾನು.

ಅದಕ್ಕೆ ಬರುತ್ತೇನೆ. ಸ್ವಲ್ಪ ತಾಳಿ, ಮೊದಲು ಈ ಕಾವಲುಗಾರರನ್ನು ಮುಗಿಸಿಬಿಡುತ್ತೇನೆ.

ಚಾರು ನನಗೆ ತಿಳಿಸಿ ಹೇಳಿದ್ದು ಹೀಗೆ. ಪ್ರತಿಯೊಬ್ಬ ಕಾವಲುಗಾರನ ಸುತ್ತ ಕಣ್ಣಿಗೆ ಕಾಣದ ಒಂದು ಬಳೆ ಇರುತ್ತದೆ. ಆ ಬಳೆಯೊಳಗೆ ಶತ್ರುಪಕ್ಷದವರು ಯಾರು ಕಾಲಿಟ್ಟರೂ ಅವನು ಅವರ ಮೇಲೆ ಬೀಳುತ್ತಾನೆ; ಇಬ್ಬರು ಬಂದರೆ ಹತ್ತಿರದವರ ಮೇಲೆ. ಅವನು ಓಡಿದರೆ ಬಳೆಯೂ ಅವನ ಜೊತೆ ಓಡುತ್ತದೆ. ಓಡಿದ ಕಡೆ ಮತ್ತೊಬ್ಬ ಶತ್ರು ಬಳೆಯೊಳಗೆ ಬರುತ್ತಾನೆ, ಅವನ ಹಿಂದೆ ಮತ್ತೆ ಓಟ. ಹೀಗೆ ಓಡಿ ಓಡಿ ಊರಾಚೆ ಹೋಗಿ ನಿಲ್ಲುತ್ತಾನೆ. ಇಷ್ಟೆಲ್ಲ ಹೊಡೆದಾಟ ಯಾರಿಗಾಗಿ ಶುರುವಾಯಿತು ಅನ್ನುವುದು ಅವನ ತಲೆಯಲ್ಲಿ ಇರುವುದೇ ಇಲ್ಲ.

ಚಾರು ಸುಮ್ಮನೆ ಕೂತವಳಲ್ಲ. ಯಾರನ್ನು ಮೊದಲು ಹೊಡೆಯಬೇಕು ಅಂತ ಒಂದು ಸರದಿ ಬರೆದಳು: ಮೊದಲು ಕಳ್ಳ, ಆಮೇಲೆ ಮಂಗ. ಕಾವಲುಗಾರರು ಪಕ್ಕದಲ್ಲಿ ಮಂಗ ಅಜ್ಜಿಯನ್ನು ಪರಚುತ್ತಿದ್ದರೂ ಅದನ್ನು ಬಿಟ್ಟು, ಆಚೆ ಓಣಿಯಲ್ಲಿ ತನ್ನ ಪಾಡಿಗಿದ್ದ ಕಳ್ಳನನ್ನು ಹುಡುಕಿಕೊಂಡು ಹೋದರು. ಆಮೇಲೆ ‘ಜಾಗ ಬಿಟ್ಟು ಕದಲಬೇಡಿ’ ಅಂತ ಬರೆದಳು. ಇಬ್ಬರೂ ನಮ್ಮ ಬಾಗಿಲಲ್ಲೇ ಕಂಬದ ಹಾಗೆ ನಿಂತರು; ಅಜ್ಜಿ ಒಬ್ಬಳೇ ಹೋಗಿ ಮಿಠಾಯಿ ಅಂಗಡಿಯ ಮುಂದೆ ಪ್ರಾಣ ಬಿಟ್ಟಳು. ಕೆಟ್ಟ ಜಾಗವೇನಲ್ಲ ಅನ್ನಿ. ನಡುವೆ ಒಮ್ಮೆ ದಾರಿಯಲ್ಲಿ ಮಲಗಿದ್ದ ಬಸವಣ್ಣನಿಗೇ ಬಾರಿಸಿದರು.

“ಏ ಹುಡುಗಿ, ಕಾಶ್ಯಾಗ ಬಸವಣ್ಣಗ ಹೊಡೀತಾರೇನ? ಆ ಪಾಪ ಹೊತ್ಕೊಂಡು ನಾ ಘಾಟಿಗೆ ಹೋಗಿ ಏನ್ ಮಾಡ್ಲಿ?”

ಬಸವಣ್ಣನನ್ನು ಗುರಿಯಿಂದ ತೆಗೆದಳು. ಇನ್ನೊಮ್ಮೆ ಹಾಲಿನವನನ್ನು ಕೆಡವಿದರು. ಇವಳು ಕೈತಪ್ಪಿ ಅವನನ್ನು ಶತ್ರುಪಕ್ಷಕ್ಕೆ ಹಾಕಿದ್ದಳು.

“ಸಾರಿ ಸಾರಿ, ಅದನ್ನ ಸರಿ ಮಾಡ್ತೀನಿ.”

“ಇರಲಿ ಬಿಡು,” ಅಂದೆ. “ಅವನು ಅಲ್ಲೇ ಇರಲಿ.”

ಹನ್ನೊಂದನೆಯ ಸಲ. ಮನೆಯಿಂದ ಹೊರಟ ಅಜ್ಜಿ ಘಾಟಿನ ಮೊದಲ ಮೆಟ್ಟಿಲ ತನಕ ಬಂದಿದ್ದಳು. ಒಂದು ಮಂಗ ಗೋಡೆಯಿಂದ ಇಳಿಯಿತು. ಇಬ್ಬರು ಕಾವಲುಗಾರರೂ ಅದರ ಹಿಂದೆ. ಅಜ್ಜಿ ಮೆಟ್ಟಿಲ ಮೇಲೆ ಒಬ್ಬಳೇ. ‘ಹಾ’.

ಆಗ ನೆನಪಾಯಿತು ಆ ದನಿ. ಬಸಲಿಂಗವ್ವನದು.

ನಲವತ್ತು ವರ್ಷಕ್ಕೂ ಹಿಂದಿನ ಮಾತು. ಆಗ ನಮ್ಮ ಯಜಮಾನರು ಇದೇ ಬಂಗಾಲಿ ಟೋಲಾದಲ್ಲಿ, ಕರ್ನಾಟಕದಿಂದ ಬಂದವರು ಇಳಿದುಕೊಳ್ಳುವ ಒಂದು ಹಳೆಯ ಛತ್ರದ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದರು. ಕೆಳಗೆ ಯಾತ್ರಿಕರು, ಮೇಲೆ ಸಾಲು ಕೋಣೆಗಳಲ್ಲಿ, ಕಾಶಿಯಲ್ಲೇ ಜೀವ ಬಿಡಬೇಕೆಂದು ಬಂದ ವಿಧವೆಯರು. ಅವರಲ್ಲಿ ಒಬ್ಬಳು ಬಸಲಿಂಗವ್ವ. ಮಲಪ್ರಭೆಯ ದಂಡೆಯ ಯಾವುದೋ ಹಳ್ಳಿಯವಳು. ನನ್ನ ಮೊಣಕೈಯಷ್ಟು ದಪ್ಪ ಗಾಜಿನ ಕನ್ನಡಕ. ಉತ್ಪ್ರೇಕ್ಷೆ ಅನ್ನಿಸಿದರೆ ಬೆರಳಿನಷ್ಟು ಅಂತ ಓದಿಕೊಳ್ಳಿ. ಅದಿಲ್ಲದಿದ್ದರೆ ಅವಳಿಗೆ ಮುಂದಿನ ಮೆಟ್ಟಿಲೂ ಕಾಣುತ್ತಿರಲಿಲ್ಲ. ಅಂಥವಳು ದಿನಾ ಬೆಳಗ್ಗೆ ಯಾರಿಗೂ ಹೇಳದೆ ದಶಾಶ್ವಮೇಧ ಘಾಟಿಗೆ ಜಾರಿಬಿಡುತ್ತಿದ್ದಳು. ಎರಡು ಸಲ ದಾರಿ ತಪ್ಪಿ ಸಂಜೆಗೆ ಬಂದಳು.

ಯಜಮಾನರು ಹೆದರಿದರು. “ಇನ್ನೊಮ್ಮೆ ತಪ್ಪಿಸ್ಕೊಂಡ್ರ ಊರಿಗೆ ಕಾಗದ ಬರೀತೀನಿ. ಮೈದುನ ಬಂದು ಕರ್ಕೊಂಡು ಹೋಗಲಿ” ಅಂದರು. ಸಾಯಲು ಕಾಶಿಗೆ ಬಂದವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ? ಅವಳು ಯಜಮಾನರ ಮುಂದೆ ಕೈ ಮುಗಿದಳು. ಕೊನೆಗೆ ಒಂದು ಒಪ್ಪಂದವಾಯಿತು: ಅವಳು ಹೋಗಬಹುದು, ಆದರೆ ಜೊತೆಗೆ ನಾನು ಹೋಗಬೇಕು.

ಮೊದಲ ದಿನ ನಾನು ಅವಳ ರಟ್ಟೆಯನ್ನು ಪೊಲೀಸರ ಹಾಗೆ ಹಿಡಿದುಕೊಂಡು ಹೊರಟೆ. ಹತ್ತು ಹೆಜ್ಜೆ ನಡೆದು ಅವಳು ನಿಂತಳು.

“ತಂಗೀ, ಕೈ ಬಿಡು. ನಾಕು ಹೆಜ್ಜಿ ಹಿಂದ ಬಾ. ನಾ ಜೋಲಿ ಹೋದ್ರ ನಿನಗ ಕಾಣಬೇಕು. ನೀ ಅದೀ ಅನ್ನೂದು ನನಗ ಕಾಣಬಾರ್ದು.”

“ಯಾಕ್ರಿ ಆಯಿ?”

“ಕಂಡ್ರ ನಾ ಹೊಂಟಿದ್ದು ಆಗೂದಿಲ್ಲ, ನೀ ಒಯ್ದಿದ್ದು ಆಗತೈತಿ.”

ನನಗಾಗ ಇಪ್ಪತ್ತಾರು, ಇಪ್ಪತ್ತೇಳು. ಮುದುಕಿಯ ಹಟ ಅಂದುಕೊಂಡೆ. ಆದರೂ ನಾಲ್ಕು ಹೆಜ್ಜೆ ಹಿಂದೆಯೇ ನಡೆದೆ. ಆಗ ಗೊತ್ತಾಯಿತು ಅವಳು ದಶಾಶ್ವಮೇಧಕ್ಕೆ ಯಾಕೆ ಹೋಗುತ್ತಿದ್ದಳು ಅಂತ. ಸ್ನಾನಕ್ಕೂ ಅಲ್ಲ, ಪೂಜೆಗೂ ಅಲ್ಲ. ಮಳೆಗಾಲದ ಹೊಳೆ ಇಳಿದ ಮೇಲೆ ಕೆಳಗಿನ ಮೆಟ್ಟಿಲುಗಳಲ್ಲಿ ಕೆಸರು, ಪಾಚಿ. ನಮ್ಮ ಕಡೆಯಿಂದ ಗುಂಪು ಗುಂಪಾಗಿ ಬರುವ ಯಾತ್ರಿಕರು ಗಂಗೆಯನ್ನು ಕಂಡ ಸಂಭ್ರಮದಲ್ಲಿ ಕಾಲ ಕೆಳಗೆ ನೋಡುವುದಿಲ್ಲ. ಅಲ್ಲಿಯ ನಾವಿಕರು “ಕಾಯೀ ಹೈ, ಕಾಯೀ!” ಎಂದು ಕೂಗಿದರೆ, ಅದು ಪಾಚಿ ಅಂತ ನಮ್ಮವರಿಗೆ ತಿಳಿಯುವುದಿಲ್ಲ. ಬಸಲಿಂಗವ್ವ ಎರಡನೆಯ ಮೆಟ್ಟಿಲಲ್ಲಿ ಕೂತು, ಕನ್ನಡ ಕಿವಿಗೆ ಬಿದ್ದ ಕೂಡಲೇ ಆ ಕಡೆ ತಿರುಗಿ ಕೂಗುತ್ತಿದ್ದಳು: “ಪಾಚಿ ಐತ್ರೀ, ಹುಷಾರು! ಕೂತು ಇಳೀರಿ!” ಅವಳಿಗೆ ಮುಖ ಕಾಣುತ್ತಿರಲಿಲ್ಲ, ದನಿಯಿಂದಲೇ ಆರಿಸುತ್ತಿದ್ದಳು. ಅವರು ಬೆಚ್ಚಿ ನಿಂತು, ‘ಅಯ್ಯ, ನಮ್ಮವರು ಅದಾರಲ್ಲ ಇಲ್ಲೆ!’ ಅನ್ನುತ್ತಿದ್ದರು. ಆಮೇಲೆ ಯಾವೂರು, ಏನು, ಈ ಸಲ ಪಂಚಮಿಗೆ ಏನು ಉಂಡಿ ಕಟ್ಟಿದಿರಿ, ಇಂಥ ಮಾತು. ಅಷ್ಟೇ ಅವಳ ಕಾಶಿ.

ಹದಿನೈದು ದಿನ ನಾನು ಒಳ್ಳೆಯ ಕಾವಲುಗಾರ್ತಿಯಾಗಿದ್ದೆ. ಹದಿನಾರನೆಯ ದಿನ ಮೆಟ್ಟಿಲ ಮೇಲಿನ ಗೋಡೆಯಿಂದ ಒಂದು ಮಂಗ ಇಳಿಯಿತು. ಇಳಿದದ್ದೇ ಬಸಲಿಂಗವ್ವನ ಕನ್ನಡಕ ಕಿತ್ತುಕೊಂಡಿತು. ಅವಳು ಸಣ್ಣಗೆ ‘ಹಾ’ ಅಂದಳು. ಅಷ್ಟೇ. ನಾನು ಸೆರಗು ಕಟ್ಟಿ ಮಂಗನ ಹಿಂದೆ ಓಡಿದೆ.

ಓಡುವಾಗ ಎಂಥ ಹುಮ್ಮಸ್ಸು ಅಂತೀರಿ! ಒಂದು ಛಾವಣಿ, ಇನ್ನೊಂದು ಮೆಟ್ಟಿಲು, ಯಾರದೋ ಅಂಗಳ. ಒಬ್ಬರಿಂದ ಬಾಳೆಹಣ್ಣು ಇಸಿದುಕೊಂಡು ಮಂಗನಿಗೆ ತೋರಿಸಿ, ಪುಸಲಾಯಿಸಿ, ಬೈದು, ಕೊನೆಗೂ ಕನ್ನಡಕ ಗೆದ್ದೆ. ಒಂದು ಗಾಜು ಕೂಡ ಒಡೆದಿರಲಿಲ್ಲ. ಹೆಮ್ಮೆಯಿಂದ ವಾಪಸು ಬಂದೆ. ಮೆಟ್ಟಿಲ ಮೇಲೆ ಬಸಲಿಂಗವ್ವ ಇರಲಿಲ್ಲ.

ನನ್ನ ದನಿ ಹುಡುಕಿಕೊಂಡು ಅವಳು ಕಣ್ಣು ಕಾಣದೆ ತಡವರಿಸುತ್ತ ಹೊರಟಿದ್ದಳು. ನಾನು ಕಿರುಚಿದೆ. ನಾವಿಕರು, ಪುರೋಹಿತರು, ಹೂವಿನವರು ಎಲ್ಲ ಸೇರಿ ಮಧ್ಯಾಹ್ನದ ತನಕ ಹುಡುಕಿದರು. ನಾಲ್ಕು ಘಾಟುಗಳ ಆಚೆ, ನೀರಿಗೆ ಎರಡೇ ಮೆಟ್ಟಿಲು ಉಳಿದಿದ್ದ ಜಾಗದಲ್ಲಿ, ಎರಡೂ ಕೈ ನೆಲಕ್ಕೂರಿ ಅಲುಗಾಡದೆ ಕೂತಿದ್ದಳು.

ಯಜಮಾನರು ಕಾಗದ ಬರೆಯಲು ಕೂತೇಬಿಟ್ಟರು. ನನಗೆ ಅಳು. ಊರಿಗೆ ಕಳಿಸಬೇಡಿ ಅಂತ ಬೇಡಿಕೊಂಡೆ. ಆಗ ಬಹಳ ಜಾಣತನದ ಮಾತು ಹೊಳೆಯಿತು ಅಂತ ನಾನು ಅಂದದ್ದು: “ಹೊರಗ ಒಂದು ಚಿಲಕ ಹಾಕಿದ್ರ ಆತಲ್ಲ.”

ಹಾಕಿದರು. ತೆಗೆಯುವುದು, ಹಾಕುವುದು ನನ್ನ ಕೆಲಸ. ಹೊತ್ತು ಹೊತ್ತಿಗೆ ರೊಟ್ಟಿ, ಸ್ನಾನಕ್ಕೆ ತಂಬಿಗೆಯಲ್ಲಿ ಗಂಗೆಯ ನೀರು. ಏನೂ ಕೊರತೆ ಮಾಡಲಿಲ್ಲ. ಒರೆಸಿದ ಕನ್ನಡಕ ಅವಳ ಕೈಯಲ್ಲೇ ಇಟ್ಟೆ. ಅವಳು ಹಾಕಿಕೊಳ್ಳಲಿಲ್ಲ. ನೋಡುವುದಕ್ಕೆ ಏನಿತ್ತು? ಒಂದೇ ಒಂದು ಸಲ ಅಂದಳು, ಸಿಟ್ಟಿನಿಂದಲ್ಲ: “ನೀ ಮಂಗ್ಯಾನ ನೋಡಿದಿ ತಂಗಿ. ನನ್ನ ನೋಡಲಿಲ್ಲ.”

ಆ ಚಳಿಗಾಲ ಕಳೆಯುವ ಮೊದಲೇ, ಮಾಘದಲ್ಲಿ, ತೀರಿಕೊಂಡಳು. ನಾನು ಬಿಸಿನೀರು ತರಲು ಕೆಳಗಿಳಿದಿದ್ದೆ. ಬಂದು ನೋಡಿದರೆ ಮುಗಿದಿತ್ತು. ಎಲ್ಲರೂ ಪುಣ್ಯವಂತೆ, ಕಾಶಿಯಲ್ಲೇ ಹೋದಳು ಅಂದರು. ಹೌದು, ಕಾಶಿಯಲ್ಲೇ. ಆದರೆ ಕೆಳಗಿಳಿಯುವಾಗ ನಾನು ರೂಢಿಯ ಕೈಯಿಂದ ಚಿಲಕ ಹಾಕಿಕೊಂಡು ಹೋಗಿದ್ದೆ. ಚಿಲಕ ಹಾಕಿದ ಬಾಗಿಲ ಹಿಂದೆ ಅವಳು ಹೋದದ್ದು ನನಗೆ ಮಾತ್ರ ಗೊತ್ತು. ಯಜಮಾನರಿಗೂ ಹೇಳಿರಲಿಲ್ಲ.

ಚಾರುಗೆ ಹೇಳಿದೆ. ಬಟಾಣಿ ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡೇ ಹೇಳಿದೆ. ಅವಳು ಪರದೆಯಿಂದ ಕಣ್ಣು ತೆಗೆದು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಮೂಗು ಒರೆಸಿಕೊಂಡು, “ರುಕೋ ಅಜ್ಜಿ” ಅಂದು ಕಂಪ್ಯೂಟರಿಗೆ ತಿರುಗಿದಳು. ಏನೋ ಒಂದು ಗುಂಡಿ ಒತ್ತಿದಳು. “ಈಗ ನಿನಗ ಯಾರೂ ಏನೂ ಮಾಡಂಗಿಲ್ಲ. ಅಜ್ಜಿನ್ನ ಟಾರ್ಗೆಟ್ ಮಾಡಾಕೇ ಬರೂದಿಲ್ಲ.”

ಅಜ್ಜಿ ಹೊರಟಳು. ಮಂಗಗಳು ಅವಳನ್ನು ದಾಟಿ ಹೋದವು. ಕಳ್ಳರು ಅವಳ ಪಕ್ಕದಲ್ಲೇ ನಿಂತು ಗೋಡೆ ನೋಡಿದರು. ಒಂದೂ ಅಡ್ಡಿಯಿಲ್ಲದೆ ಘಾಟು ತಲುಪಿದಳು. ತುತ್ತೂರಿ ಊದಿತು.

“ಮಜಾ ನಹೀ ಆಯಾ” ಅಂದಳು ಚಾರು.

“ಎಲ್ಲಿಂದ ಬರತೈತಿ? ಯಾರಿಗೂ ಕಾಣಲಾರದಾಕಿ, ಏನೂ ತಾಕಲಾರದಾಕಿ. ಅದು ಅಜ್ಜಿ ಅಲ್ಲ, ಮೆರವಣಿಗಿ ಗೊಂಬಿ. ತಗದು ಹಾಕು.” ಎದ್ದು ಅವಳ ಕುರ್ಚಿಯ ಹಿಂದೆ ನಿಂತೆ. ಕೂರಲು ಆಗಲಿಲ್ಲ. “ಆ ಬಳಿ ಅಂದೆಲ್ಲ, ಅದು ಕಾವಲುಗಾರನ ಸುತ್ತ ಯಾಕೈತಿ?”

“ಅದು ಹಂಗಽ ಬರತೈತಿ. ಎಲ್ಲಾರಿಗೂ.”

“ಅದನ್ನ ಬಿಚ್ಚು. ಮುದುಕಿ ಸುತ್ತ ಹಾಕು. ಆಕಿ ಬಳಿಯೊಳಗ ಬಂದವರನ್ನಷ್ಟ ಓಡಿಸಬೇಕು. ಅವನ ಮೂಗಿನ ಮುಂದ ಮಂಗ್ಯಾ ಕುಣಿದ್ರೂ, ಮುದುಕಿಗೆ ದೂರ ಇದ್ರ ಅವಗ ಏನು ಸಂಬಂಧ? ಮತ್ತ ಆಕಿ ಬಿಟ್ಟು ನಾಕು ಹೆಜ್ಜಿಗಿಂತ ದೂರ ಹೋದ್ರ, ಹೊಡದಾಟ ಅರ್ಧಕ್ಕಽ ಬಿಟ್ಟು ತಿರುಗಿ ಬರಬೇಕು. ಕನ್ನಡಕ ಹೋದ್ರ ಹೋಗಲಿ.”

ಚಾರು ಬಾಯಿ ತೆರೆದು ನನ್ನ ಕಡೆ ನೋಡಿದಳು. “ಅಜ್ಜಿ, ತುಮ್ ತೋ ಡೆವಲಪರ್ ನಿಕಲೀ!”

ಊಟದ ಹೊತ್ತು ಮೀರಿತು. ಅವಳು ಬರೆದಳು, ಅಳಿಸಿದಳು. ಬಳೆ ತೆಗೆದು ಹನ್ನೆರಡು ವರ್ಷವಾದ ಮುದುಕಿಗೆ ಮೊಮ್ಮಗಳು ಮತ್ತೆ ಒಂದು ಬಳೆ ತೊಡಿಸಿದಳು. ಅಜ್ಜಿ ಹೊರಟಳು. ಕಾವಲುಗಾರರು ನಾಲ್ಕು ಹೆಜ್ಜೆ ಹಿಂದೆ. ದೂರದಲ್ಲಿ ಮಂಗ, ಅವರು ತಿರುಗಿಯೂ ನೋಡಲಿಲ್ಲ. ಕಳ್ಳ ಹತ್ತಿರ ಬಂದ, ಬಾರಿಸಿದರು, ಓಡಿದ, ಎರಡು ಹೆಜ್ಜೆ ಅಟ್ಟಿ, ನಿಂತು, ತಿರುಗಿ ಬಂದರು. ಘಾಟಿನ ಮೆಟ್ಟಿಲು. ತುತ್ತೂರಿ. ನನ್ನ ಕಣ್ಣು ಒದ್ದೆಯಾಗಿತ್ತು. ಬಟಾಣಿಗೆ ಕಣ್ಣುರಿ ಬರುತ್ತದೆ ಅಂದರೆ ನೀವು ನಂಬುವುದಿಲ್ಲ, ಇರಲಿ.

ಭಾನುವಾರ ಶಿವುಗೆ ರಜೆ. ಚಾರು ಅವನನ್ನು ಕುರ್ಚಿಯಲ್ಲಿ ಕೂರಿಸಿದಳು. ಕಳ್ಳಿ, ಅವನಿಗೆ ಕೊಟ್ಟದ್ದು ಹಳೆಯ ಕಾವಲುಗಾರರನ್ನು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಎರಡು ಸಲ ‘ಹಾ’ ಕೇಳಿತು. ಮೂರನೆಯ ಸಲಕ್ಕೆ ಅವನು ಮೇಜು ಗುದ್ದಿದ:

“ಅಬೇ, ಮಂಗ್ಯಾನ ಹಿಂದ ಯಾಕ ಓಡ್ತೀರಿ? ಅವ್ವನ್ನ ನೋಡ್ರೋ! ಅವ್ವನ್ನ!”

ಚಾರು ಮೆಲ್ಲಗೆ ಅಂದಳು: “ಪಾಪಾ, ಆ ನೀಲಿ ಡಾಟ್ ಹಿಂದ ನೀನೂ ಸ್ಟೇಷನ್ ತನಕ ಓಡಿದ್ದಿ.”

ಆಗ ನಾನು ಒಳಗೆ ಬಂದು ಎರಡನೆಯ ಸಲ ಬಸಲಿಂಗವ್ವನ ಕಥೆ ಹೇಳಿದೆ. ಚಿಲಕದ ಮಾತು ಯಾರದು ಅನ್ನುವುದನ್ನೂ ಹೇಳಿದೆ. ಶಿವು ತಲೆ ತಗ್ಗಿಸಿ ಕೇಳಿದ.

“ನೀ ಜಾರಿ ಬಿದ್ರ ನಾ ಏನ್ ಮಾಡ್ಲಿ ಅವ್ವಾ?” ಅಂದ ಕೊನೆಗೆ. ಐವತ್ತರ ಹತ್ತಿರದ ಗಂಡಸು, ದನಿ ಐದು ವರ್ಷದ್ದು.

“ಬಿದ್ರ ಎಬ್ಬಿಸು. ಬೀಳೂಕಿಂತ ಮೊದಲಽ ಎಬ್ಬಿಸಬ್ಯಾಡ.”

ಅವನು ಎದ್ದು ಹೋದ. ಇಷ್ಟು ಬರೆದು ಭಾನುವಾರ ಫೋನು ಕೆಳಗಿಟ್ಟೆ. ಮುಂದೇನು ಬರೆಯುವುದೆಂದು ನನಗೇ ಗೊತ್ತಿರಲಿಲ್ಲ.

ಈ ಉಳಿದದ್ದನ್ನು ಸೋಮವಾರ ಟೈಪ್ ಮಾಡುತ್ತಿದ್ದೇನೆ, ಫೋನನ್ನು ಮೂಗಿಗೆ ತಾಗಿಸಿಕೊಂಡು. ಯಾಕೆ ಅಂತ ಹೇಳುತ್ತೇನೆ.

ಬೆಳಗ್ಗೆ ಎದ್ದಾಗ ಮೇಲಿನ ಚಿಲಕ ತೆಗೆದಿತ್ತು. ಮನೆಯಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ನೋಡದಿರುವುದಕ್ಕೆ ಅವರು ಪಡುತ್ತಿದ್ದ ಕಷ್ಟ ನೋಡಿ ನಗು ಬಂತು. ಸೆರಗು ಹೊದ್ದು ಹೊಸ್ತಿಲು ದಾಟಿದೆ. ಪಾನ್ ಅಂಗಡಿಯವನು ಬಾಯಿ ತೆರೆದವನು, ನನ್ನ ಹಿಂದೆ ಯಾರನ್ನೋ ನೋಡಿ ಮುಚ್ಚಿದ. ಎಡಗಾಲು ಸ್ವಲ್ಪ ಎಳೆದು ಹಾಕುವ ಚಪ್ಪಲಿ ಸದ್ದು. ಆ ನಡಿಗೆಯನ್ನು ಕಲಿಸಿದವಳು ನಾನೇ, ನನಗೆ ಗೊತ್ತಾಗದೇ? ತಿರುಗಿ ನೋಡಲಿಲ್ಲ. ಬೇಕೆಂದೇ ಬಳೆ ಅಂಗಡಿಯ ಮುಂದೆ ನಿಂತೆ. ಚಪ್ಪಲಿಯೂ ನಿಂತಿತು. ಗಬಕ್ಕನೆ ಹೊರಟೆ. ಚಪ್ಪಲಿ ಗಡಿಬಿಡಿಯಲ್ಲಿ ಯಾರಿಗೋ ಡಿಕ್ಕಿ ಹೊಡೆದು “ಮಾಫ್ ಕೀಜಿಯೇ” ಅಂದಿತು. ಕೇದಾರ ಘಾಟಿಗೆ ಬಂದು, ಅಲ್ಲಿ ಕೂರದೆ, ಎಡಕ್ಕೆ ತಿರುಗಿದೆ. ದಶಾಶ್ವಮೇಧದ ತನಕ ನಡೆಯುತ್ತೇನೆ ಅಂತ ಅವನು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ಬಸಲಿಂಗವ್ವ ಕೂರುತ್ತಿದ್ದ ಎರಡನೆಯ ಮೆಟ್ಟಿಲಿಗೆ ಇಷ್ಟು ವರ್ಷ ನಾನು ಹೋಗಿರಲಿಲ್ಲ. ಹೋಗಿ ಕೂತೆ. ಕೂತು ಒಂದು ಉಸಿರು ಬಿಟ್ಟಿದ್ದೇನೋ ಇಲ್ಲವೋ, ಮೇಲಿನಿಂದ ಏನೋ ಧೊಪ್ಪೆಂದು ಇಳಿಯಿತು. ಕೂದಲುಳ್ಳ ಒಂದು ಸಣ್ಣ ಕೈ ನನ್ನ ಮುಖ ಸವರಿತು. ಗಂಗೆ, ದೋಣಿ, ಆಚೆ ದಡ ಎಲ್ಲ ಒಂದೇ ಬಣ್ಣವಾಗಿ ಕಲೆಸಿಹೋಯಿತು. ಕನ್ನಡಕ ಹೋಗಿತ್ತು. ನಾನು ‘ಹಾ’ ಅಂದೆ. ಕೂಗಬೇಕೆಂದು ಕೂಗಿದ್ದಲ್ಲ.

ಹಿಂದೆ ಚಪ್ಪಲಿ ಓಡಿತು. ಒಂದು ಹೆಜ್ಜೆ. ಎರಡು. ನಾನು ಎರಡೂ ಕೈ ನೆಲಕ್ಕೂರಿ, ಉಸಿರು ಹಿಡಿದು ಕೇಳಿದೆ.

ನಿಂತಿತು. ಎಡಗಾಲು ಎಳೆಯುತ್ತ, ಬಹಳ ಮೆಲ್ಲಗೆ, ತಿರುಗಿ ಬಂತು.

ಅಷ್ಟರಲ್ಲಿ ಬಲಗಡೆ ಕನ್ನಡ ಕೇಳಿಸಿತು. ಆರೇಳು ಹೆಂಗಸರ ದನಿ, ಗಂಗವ್ವ ತಾಯಿ ಅನ್ನುತ್ತ, ನಗುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ ಇಳಿಯುತ್ತಿದ್ದರು. ಮುಖ ಕಾಣಲಿಲ್ಲ. ಆ ಕಡೆ ತಿರುಗಿ, ಇದ್ದ ದನಿಯನ್ನೆಲ್ಲ ಸೇರಿಸಿ ಕೂಗಿದೆ: “ಪಾಚಿ ಐತ್ರೀ, ಹುಷಾರು! ಕೂತು ಇಳೀರಿ!”

ದನಿಗಳು ಗಕ್ಕನೆ ನಿಂತವು. “ಅಯ್ಯ, ಯಾರವಾ ಅದು, ನಮ್ಮವರು?” ಅಂತ ಒಂದು ಮುದಿ ದನಿ ಕೇಳಿತು.

ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೂ ಕಾಣುತ್ತಿರಲಿಲ್ಲ. ಆದರೆ ಕಿವಿ ಇನ್ನೂ ಚುರುಕಾಗಿದೆ. ನಾಲ್ಕೇ ಹೆಜ್ಜೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.